ಸೀಬೆಗೆ ಮಾತ್ರ ಅಂಟಿದ ದೋಷ

ಮಳೆಗಾಲದ ಸೀಬೆಹಣ್ಣಿನ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಬಾಯಲ್ಲಿ ನೀರು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಟಿ. ನರಸೀಪುರದಿಂದ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಚೀಲದ ತುಂಬ ಸೀಬೆ ತಂದು ನನ್ನ ಸೀಟಿನ ಕೆಳಕ್ಕೆ ತಳ್ಳಿ, "ಒಸಿ ಕಾಲು ಎತ್ಕೊಳವ್ವಾ" ಅಂದಳು. ಎತ್ತಿಕೊಂಡೆ. ಬಸ್ಸು ಕುಲುಕಿದಂತೆಲ್ಲ ಹಣ್ಣು ಒಂದಕ್ಕೊಂದು ತಿಕ್ಕಿ, ಆ ಕಳಿತ ಸಿಹಿ ವಾಸನೆ ಮೇಲೆ ಬರತೊಡಗಿತು. ನನ್ನ ಮುಖ ಏನಾಗಿತ್ತೋ, ಅವಳು ಗಾಬರಿಯಾಗಿ, "ಯಾಕವ್ವ, ವಾಂತಿ ಬತ್ತದಾ? ಕಿಟಕಿ ತಕ್ಕೊ" ಅಂದಳು. ವಾಂತಿಯಲ್ಲ ತಾಯಿ, ಹಳೇ ಜಗಳ ಬರ್ತಾ ಇದೆ ಅನ್ನಬೇಕೆನಿಸಿತು.

ಆ ಜಗಳ ತೊಂಬತ್ತರ ದಶಕ ಮುಗಿಯುತ್ತಿದ್ದಾಗಿನದು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಾ, ದಿನಾ ನಂಜನಗೂಡಿನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾ ಸ್ಪರ್ಧೆಗೆ ಹೋಗಿದ್ದೇ ಹೆಚ್ಚು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ವಿಷಯ ಕೊಟ್ಟರೆ ಸಾಕು, ಎದುರಿನವರ ಮಾತಿನಲ್ಲಿ ಎಲ್ಲಿ ಬಿರುಕಿದೆ ಅಂತ ಹುಡುಕಿ ಅಲ್ಲಿಗೆ ಬೆರಳು ತೂರಿಸುವುದು ನನಗೆ ಗೊತ್ತಿತ್ತು. ಬಿರುಕು ತೋರಿಸಿಬಿಟ್ಟರೆ ಗೋಡೆ ತಾನಾಗಿ ಬೀಳುತ್ತದೆ ಎಂದು ನಂಬಿದ್ದೆ. ಯಾರು ಕಲಿಸಿದರೋ ಈ ಸುಳ್ಳನ್ನು!

ನಮ್ಮ ಊರು ಹೆಮ್ಮಿಗೆ. ನಾವು ದಲಿತರು; ಅಪ್ಪನ ಕಾಲಕ್ಕೆ ಬುದ್ಧನ ಫೋಟೋ ಗೋಡೆಗೆ ಬಂತು. ಅಪ್ಪ ನಂಜನಗೂಡಿನಲ್ಲಿ ಸರ್ಕಾರಿ ಗುಮಾಸ್ತ. ಹದಿನಾರು ಬಾಡಿಗೆ ಮನೆಗಳ ಮಾಲೀಕರಿಂದ "ನಿಮ್ಮದು ಯಾವ ಜನ?" ಅನ್ನಿಸಿಕೊಂಡು ಸಾಕಾಗಿ, ಆ ಬೇಸಿಗೆಯಲ್ಲಿ ಒಂದು ಮನೆ ಕೊಂಡ. ವರ್ಗವಾಗಿ ಊರು ಬಿಡುತ್ತಿದ್ದ ಬ್ಯಾಂಕಿನವರ ಮನೆ. ಆ ಬೀದಿಯಲ್ಲಿ ನಮ್ಮವರು ಅಂತ ಇದ್ದದ್ದು ನಾವೊಬ್ಬರೇ. ಮನೆಯ ಮುಂದೆ ಒಂದು ಎತ್ತಿನಗಾಡಿ ತಿರುಗಿಸಲು ಕಷ್ಟಪಡುವಷ್ಟು ಅಂಗಳ. ಅದರಲ್ಲಿ ಎರಡು ಮರ. ಎಡಕ್ಕೆ ಕಾಂಪೌಂಡಿಗೆ ಒರಗಿದಂತೆ ದೇವಕಣಗಿಲೆ, ಅರ್ಧ ಕೊಂಬೆ ಬೀದಿಯ ಮೇಲೆ. ಬಲಕ್ಕೆ ಸೀಬೆ.

ಬ್ಯಾಂಕಿನವರ ಹೆಂಡತಿ ಒಳ್ಳೆಯ ಹೆಂಗಸು. ಬೀಗದ ಕೈ ಕೊಡುವಾಗ ಅವ್ವನನ್ನು ಸೀಬೆಮರದ ಕೆಳಗೆ ಕರೆದುಕೊಂಡು ಹೋಗಿ ಹೇಳಿದರು: "ನೋಡಿ, ಈ ಬೀದೀಲಿ ಒಂದು ಪದ್ಧತಿ ಇಟ್ಕೊಂಡಿದ್ದೀವಿ. ಮೊದಲ ಕೊಯ್ಲು ಮನೆಮನೆಗೂ ಹಂಚಿ, ಆಮೇಲೆ ನಾವು ತಿನ್ನೋದು. ಹಂಗೆ ಮಾಡಿದ್ರೆ ಮರ ಚೆನ್ನಾಗಿ ಬಿಡುತ್ತೆ. ಎದುರುಮನೆ ಶಾರದಮ್ಮ ಅಂತೂ ಕೊಟ್ಟಿದ್ದು ಸಾಲದು ಅಂತ ಕೇಳಿ ಇಸ್ಕೊಂಡು ಹೋಗ್ತಾರೆ." ಪಾಪ, ಅವರಿಗೆ ಹೊಳೆಯಲೇ ಇಲ್ಲ. ಅಥವಾ ಹೊಳೆದೂ ನಮ್ಮ ಮೇಲಿನ ಮರ್ಯಾದೆಗೆ ಹಾಗೆ ಹೇಳಿದರೋ, ಗೊತ್ತಿಲ್ಲ.

ಆಷಾಢದಲ್ಲಿ ಮಳೆ ಹಿಡಿಯಿತು. ಮೇಲೆ ಎಲ್ಲೋ ಸುರಿದ ಮಳೆಗೆ ಕಪಿಲೆ ಹೊಳೆ ಕೆಂಪಗೆ ತುಂಬಿ ಸ್ನಾನಘಟ್ಟದ ಮೆಟ್ಟಿಲು ಒಂದೊಂದಾಗಿ ನುಂಗುತ್ತಿತ್ತು. ನಮ್ಮ ಅಂಗಳದಲ್ಲಿ ಎರಡೂ ಮರ ಒಟ್ಟಿಗೇ ಜೋರಾದವು. ದೇವಕಣಗಿಲೆ ರಾತ್ರಿಯೆಲ್ಲ ಬಿಳಿ ಹೂ ಚೆಲ್ಲುತ್ತಿತ್ತು. ಸೀಬೆ ಹಳದಿಯಾಗಿ ಎಲೆಯ ಸಂದಿಯಲ್ಲಿ ಇಣುಕುತ್ತಿತ್ತು. ಅವ್ವ ಮೊದಲ ಕೊಯ್ಲು ಮಾಡಿ, ತೊಳೆದು, ಒರೆಸಿ, ಸ್ಟೀಲ್ ತಟ್ಟೆಗಳಲ್ಲಿ ಜೋಡಿಸಿದಳು. ಎಲೆ ಅಂಟಿದ್ದ ಹಣ್ಣನ್ನು ಎಲ್ಲಕ್ಕಿಂತ ಮೇಲಿಟ್ಟಳು. ಮದುವೆಗೆ ಹೋಗುವಾಗ ಉಡುವ ಸೀರೆ ಉಟ್ಟಳು. ನಾನೊಂದು ತಟ್ಟೆ ಹಿಡಿದು ಹಿಂದೆ ನಡೆದೆ.

ಶಾರದಮ್ಮ ಬಾಗಿಲಿಗೆ ಬಂದರು. ನಗುಮುಖ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಹಾಗೇನಾದರೂ ಮಾಡಿದ್ದರೆ ಚೆನ್ನಾಗಿತ್ತು, ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಅಯ್ಯೋ, ಯಾಕಮ್ಮ ಇಷ್ಟೊಂದು ತರಕ್ಕೆ ಹೋದ್ರಿ! ಅಲ್ಲೇ ಜಗಲಿ ಮೇಲೆ ಸುರೀರಿ" ಅಂದರು. ಅವ್ವ ಜಗಲಿಯ ತುದಿಗೆ ಹಣ್ಣು ಸುರಿದಳು. "ಬರೀ ತಟ್ಟೆ ತಗೊಂಡು ಹೋಗಬಾರ್ದು, ಇರಿ" ಅಂತ ಒಳಗೆ ಹೋಗಿ ಸಕ್ಕರೆ ತಂದು, ನಾವು ಕೆಳಗೆ ಹಿಡಿದ ತಟ್ಟೆಗೆ ಮೇಲಿನಿಂದ ಸುರಿದರು. ಮಿಕ್ಕ ಮನೆಗಳಲ್ಲೂ ಹೆಚ್ಚೂಕಮ್ಮಿ ಇದೇ. ಜಗಲಿ, ನಗು, ಮೇಲಿನಿಂದ ಸಕ್ಕರೆ. ಸಕ್ಕರೆ ಅವರ ಮನೆಯಿಂದ ನಮ್ಮ ಮನೆಗೆ ಬರಬಹುದಂತೆ. ಸೀಬೆ ನಮ್ಮ ಮನೆಯಿಂದ ಅವರ ಹೊಸಿಲು ದಾಟುವ ಹಾಗಿಲ್ಲವಂತೆ. ಒನ್ ವೇ ರಸ್ತೆ. ಬೋರ್ಡು ಮಾತ್ರ ಹಾಕಿರಲಿಲ್ಲ.

ಅದೇ ದಿನ ಸಂಜೆ ಕಾಲೇಜು ಮುಗಿಸಿ ರೈಲಿಳಿದು ಹಿಂದಿನ ಸಂದಿಯಿಂದ ಬರುತ್ತಿದ್ದೆ. ಶಾರದಮ್ಮನವರ ಹಿತ್ತಿಲ ಬಾಗಿಲಲ್ಲಿ ಬೀದಿ ಹಸುವೊಂದು ಕತ್ತು ಬಗ್ಗಿಸಿ ಏನನ್ನೋ ಮೆಲ್ಲುತ್ತಿತ್ತು. ನಮ್ಮ ಸೀಬೆ. ಎಲೆ ಅಂಟಿದ್ದ ಆ ಹಣ್ಣೂ ಅದರಲ್ಲಿತ್ತು.

ಮನೆಗೆ ಬಂದು ಕೂಗಾಡಿದೆ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. ಅಪ್ಪ, "ಓಗ್ಲಿ ಬುಡವ್ವ. ಕೊಟ್ಟ ಮೇಲೆ ಅದು ಅವರ್ದು. ಹಸೀಗಾರ ಆಕ್ಲಿ, ತಿಪ್ಪೆಗಾರ ಆಕ್ಲಿ" ಅಂದ.

"ತಿಪ್ಪೆಗಾದ್ರೆ ಯಾಕೆ ಕೊಡ್ಬೇಕು?"

"ಪದ್ಧತಿ ಅಂತ ಏಳವ್ರಲ್ಲ."

"ತಿನ್ನೋದೂ ಆ ಪದ್ಧತೀಲಿ ಸೇರಿತ್ತಲ್ಲಪ್ಪ? ಅರ್ಧ ಪದ್ಧತಿ ನಮಗೆ, ಅರ್ಧ ಯಾರಿಗೆ?"

ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ಆ ವಾರವೇ ನನಗೆ ಮೈಸೂರಿನ ಚರ್ಚಾ ಸ್ಪರ್ಧೆಯೊಂದರಲ್ಲಿ ಕಪ್ಪು ಬಂತು. ವಿಷಯ ಏನು ಗೊತ್ತೆ? ಸಮಾನತೆ ಕಾನೂನಿನಿಂದ ಬರುತ್ತದೋ ಮನಸ್ಸಿನಿಂದ ಬರುತ್ತದೋ. ನಾನು ಕಾನೂನಿನ ಪರ ಮಾತಾಡಿ ಗೆದ್ದಿದ್ದೆ. ಶಾರದಮ್ಮನ ಗಂಡ ನಿವೃತ್ತ ಮೇಷ್ಟ್ರು, ಗೇಟಿನ ಹೊರಗೇ ನಿಂತು ಕಪ್ಪನ್ನು ತೋರಿಸಲು ಹೇಳಿ, "ಭೇಷ್! ನಮ್ಮ ಬೀದಿಗೆ ಕೀರ್ತಿ ತಂದೆಯಮ್ಮ" ಅಂದರು. ಕಪ್ಪನ್ನು ಮುಟ್ಟಿ, ತಿರುಗಿಸಿ ನೋಡಿದರು. ಹಿತ್ತಾಳೆಗೆ ದೋಷವಿಲ್ಲ ಅಂತ ಕಾಣುತ್ತದೆ.

ಹೂವಿಗಂತೂ ಇರಲೇ ಇಲ್ಲ. ದಿನಾ ಬೆಳಗಿನ ಜಾವ, ಬೀದಿ ದೀಪ ಆರುವ ಮೊದಲೇ, ನಮ್ಮ ಕಾಂಪೌಂಡಿನ ಮೇಲೆ ಕೈಗಳು ಕಾಣಿಸಿಕೊಳ್ಳುತ್ತಿದ್ದವು. ಬಳೆ ಹಾಕಿದ ಕೈ, ಉಂಗುರ ಹಾಕಿದ ಕೈ. ದೇವಕಣಗಿಲೆಯ ಕೊಂಬೆ ಬಗ್ಗಿಸಿ, ಪೂಜೆಗೆ ಹೂ ಬಿಡಿಸಿಕೊಂಡು ಹೋಗುತ್ತಿದ್ದರು. ಕೇಳುವ ಪದ್ಧತಿ ಇರಲಿಲ್ಲ. ದೇವರಿಗೆ ಅಂದಮೇಲೆ ಕೇಳುವುದೇನು! ಒಂದು ಬೆಳಿಗ್ಗೆ ನಾನು ಬೇಕೆಂದೇ ಬೇಗ ಎದ್ದು ಆ ಮರದ ಕೆಳಗೆ ನಿಂತೆ. ಶಾರದಮ್ಮ ಬುಟ್ಟಿ ಹಿಡಿದು ಬಂದರು.

"ಶಾರದಮ್ಮನೋರೇ, ಹಣ್ಣು ಹೇಗಿತ್ತು?"

"ಅಯ್ಯೋ, ಬೆಚ್ಚಿಬಿದ್ದೆ ಕಣೇ! ಚೆನ್ನಾಗಿತ್ತಮ್ಮ. ಸಿಹಿ."

"ತಿಂದ್ರಾ?"

"ಹೂಂ ಮತ್ತೆ."

"ಹಸು ತಿಂತಾ ಇದ್ದದ್ದನ್ನ ನಾನು ನೋಡ್ದೆ."

ಅವರ ಕೈ ಕೊಂಬೆಯ ಮೇಲೆ ನಿಂತಿತು. ಬಿಡಲಿಲ್ಲ, ನಿಂತಿತು ಅಷ್ಟೆ. "ಅದಾ... ನಮ್ಮನೆಯವರಿಗೆ ಶೀತ ಕಣಮ್ಮ. ಮಳೇಲಿ ಸೀಬೆ ಆಗಲ್ಲ."

"ಬ್ಯಾಂಕಿನೋರು ಇದ್ದಾಗ ಆಗ್ತಿತ್ತಂತಲ್ಲ? ಕೇಳಿ ಇಸ್ಕೊಂಡು ಹೋಗ್ತಿದ್ರಂತೆ?"

"ಆಗ ವಯಸ್ಸಿತ್ತು."

"ಹೋದ ವರ್ಷ ಅಷ್ಟೇ ಅಲ್ವಾ?"

ಶಾರದಮ್ಮ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದರು. "ಹೂವೇ ಬೇರೆ, ಹಣ್ಣೇ ಬೇರೆ. ಹೂವಿಗೆ ದೋಷ ಇಲ್ಲ ಕಣಮ್ಮ, ಮೊದಲಿಂದ ಹಾಗೇ."

"ಹಾಗಾದ್ರೆ ಹಣ್ಣಿಗೆ ಯಾವಾಗ ಬಂತು ದೋಷ? ಅದೇ ಮರ, ಅದೇ ಮಣ್ಣು. ಹಾಕೋ ನೀರೂ ನಿಮ್ಮನೆಗೆ ಬರೋ ನಲ್ಲಿ ನೀರೇ. ಬದಲಾಗಿರೋದು ಗೇಟಿನ ಮೇಲಿರೋ ಹೆಸರು ಒಂದೇ."

ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು. ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುವ ಜಾಗ ಅದು. ಶಾರದಮ್ಮ ನಕ್ಕುಬಿಟ್ಟರು. "ನೀನು ಓದಿದೋಳಪ್ಪ, ಕಪ್ಪು ಗೆದ್ದೋಳು. ನಿನ್ ಜೊತೆ ವಾದ ಮಾಡಕ್ಕೆ ನಮಗೆಲ್ಲಿ ಬರುತ್ತೆ?" ಅಂದು, ಇನ್ನೆರಡು ಹೂ ಕಿತ್ತು ಬುಟ್ಟಿಗೆ ಹಾಕಿಕೊಂಡು ನಡೆದರು. ವಾದಕ್ಕೆ ಬಾರದೆ, ಸೋಲನ್ನೂ ಒಪ್ಪದೆ, ಹೂ ಕಿತ್ತುಕೊಂಡು ಹೋಗುವ ಎದುರಾಳಿಗೆ ಏನು ಮಾಡಬೇಕು ಅಂತ ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ಮೇಷ್ಟ್ರು ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ, ಬಹಳ ಪ್ರೀತಿಯಿಂದ, "ಮಗಳು ಚುರುಕು. ಬಾಯಿ ಸ್ವಲ್ಪ ಮುಂದು. ಹೆಣ್ಣುಮಗು ನೋಡಿ" ಅಂದರಂತೆ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ನನಗೆ ಗೊತ್ತಾಯಿತು. ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಹೆದರಿಕೆ ಬಂದಿತ್ತು.

ಇಷ್ಟರಲ್ಲಿ ನೀರಿನ ತಾಪತ್ರಯ ಶುರುವಾಯಿತು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಅದೂ ಅರೆಹೊತ್ತು. ಬೀದಿಯವರೆಲ್ಲ ನೀರು ತುಂಬಿಡಲು ಅಂಗಳದಲ್ಲಿ ಸಂಪು ತೋಡಿಸಿಕೊಂಡಿದ್ದರು. ನಾವೂ ತೋಡಿಸಬೇಕಾಯಿತು. ಗಾರೆ ಕೆಲಸದ ಸಿದ್ದಪ್ಪ ಬಂದು, ಹೆಜ್ಜೆ ಹಾಕಿ ಅಳೆದು, ಬೀಡಿ ಹಚ್ಚಿ, "ಸಾ, ಎರಡ್ರಲ್ಲಿ ಒಂದು ಮರ ಓಗ್ಬೇಕು. ಯಾವ್ದು ಅಂತ ನೀವ್ ಏಳಿ. ನಂಗೇನು, ಗುಂಡಿ ಎಲ್ಲಾದ್ರೂ ಗುಂಡೀನೇ" ಅಂದ.

ಬೀದಿಗೆಲ್ಲ ಸುದ್ದಿಯಾಯಿತು. ಅದುವರೆಗೆ ನಮ್ಮ ಗೇಟಿನ ಮುಂದೆ ನಿಲ್ಲದಿದ್ದವರೂ ನಿಂತು ಸಲಹೆ ಕೊಟ್ಟರು. ಹೂವಿನ ಮರ ಕಡೀಬೇಡಿ, ದೇವರದು. ಶ್ರಾವಣ ಬರ್ತಾ ಇದೆ, ಶುಕ್ರವಾರ ಶನಿವಾರ ಹೂ ಬೇಕು. ಮನೆಗೆ ಲಕ್ಷಣ ಅದೇ. ಸೀಬೆ ಬಿಡಿ, ಬಾವಲಿ ಬರುತ್ತೆ, ನೊಣ ಬರುತ್ತೆ, ಮಾರ್ಕೆಟಲ್ಲಿ ಸಿಕ್ಕೇ ಸಿಗುತ್ತೆ. ಹೋದ ವರ್ಷದವರೆಗೆ ಅದೇ ಸೀಬೆಯನ್ನು ಕೇಳಿ ತಿಂದವರು! ಆಗ ಬಾವಲಿಗಳು ಎಲ್ಲಿ ಹೋಗಿದ್ದವೋ.

ರಾತ್ರಿ ಊಟ ಮಾಡುತ್ತಾ ಅಪ್ಪ ತೀರ್ಮಾನ ಹೇಳಿದ. ಸೀಬೆ ಕಡಿಸುವುದು.

ನಾನು ತಟ್ಟೆ ಬಿಟ್ಟು ನಿಂತೆ. "ಅಪ್ಪ, ನೋಡು. ಒಂದು, ಸೀಬೆ ತಿನ್ನಕ್ಕೆ ಆಗುತ್ತೆ, ಹೂ ನೋಡಕ್ಕೆ ಮಾತ್ರ. ಎರಡು, ನಮ್ಮನೇಲಿ ಹೂವಿನ ಪೂಜೆಯೇ ಇಲ್ಲ. ಬುದ್ಧನ ಫೋಟೋಗೆ ಹುಣ್ಣಿಮೆಗೊಂದು ಹೂ ಸಾಕು. ಮೂರು..."

"ಕೂತ್ಕೊಂಡು ಮಾತಾಡವ್ವ. ಮೈಕಿಲ್ಲ ಇಲ್ಲಿ."

"ಮೂರು, ಆ ಮರದ ಹೂವೆಲ್ಲ ಹೋಗೋದು ಅವರ ಮನೆಗೆ. ಅವರ ಪೂಜೆಗೆ ನಮ್ಮ ನೀರು, ನಮ್ಮ ಜಾಗ. ನಮ್ಮ ಊಟಕ್ಕೆ ಕೊಡಲಿ ಏಟು. ಯಾವ ನ್ಯಾಯ?"

ಅಪ್ಪ ಅನ್ನಕ್ಕೆ ಸಾರು ಹಾಕಿ ಕಲಸಿದ. ಆಮೇಲೆ ಹೇಳಿದ: "ಎಮ್ಮಿಗೇಲಿ ನಮ್ಮಪ್ಪ ಗುಡಿ ಒಳಕ್ಕೆ ಕಾಲಿಡ್ಲಿಲ್ಲ. ಇಲ್ಲಿ ನನ್ನ ಮನೆ ಊವ ದಿನಾ ಅವ್ರ ದೇವ್ರ ತಲೆ ಮೇಲೆ ಕೂತದೆ. ಊವ ಕಿತ್ಕೊಂಡು ಓಗೋವಾಗ ಮೇಷ್ಟ್ರು 'ನಮಸ್ಕಾರ ಸಾರ್' ಅಂತಾರೆ. ಈ ಬೀದೀಲಿ ನಂಗೆ ಇರೋದು ಅದೊಂದೇ ಕಣವ್ವ. ಸೀಬೇಣ್ಣು ಇದ್ರೆ ವರ್ಷಾ ವರ್ಷಾ ಹಂಚ್ಬೇಕು, ವರ್ಷಾ ವರ್ಷಾ ಅದು ಹಸೀಗೆ ಓಗೋದ ನೋಡ್ಬೇಕು. ಮರಾನೇ ಇಲ್ದಿದ್ರೆ ಆ ಮಾತೇ ಇಲ್ಲ."

ನನ್ನ ಹತ್ತಿರ ಉತ್ತರ ಬೇಕಾದಷ್ಟಿತ್ತು. ಕೊಂಬೆಗೆ ಮಾಡುವ ನಮಸ್ಕಾರವನ್ನು ನಿನಗೆ ಅಂದುಕೊಂಡಿದ್ದೀಯಲ್ಲಪ್ಪ ಅನ್ನಬಹುದಿತ್ತು. ಅಂದೂಬಿಟ್ಟೆ. ಅಪ್ಪ ಕೈ ತೊಳೆದು ಎದ್ದ. "ಸರಿ, ನೀನೇ ಗೆದ್ದೆ. ನಾಳೆ ಸಿದ್ದಪ್ಪ ಬತ್ತಾನೆ. ಸೀಬೆ ಕಡೀತಾನೆ."

ಇದೇ ನನ್ನ ಹೊಟ್ಟೆಯುರಿಸಿದ್ದು, ಇವತ್ತಿಗೂ ಉರಿಸುವುದು. ಹಣ್ಣು ಬಿಸಾಡಿದವರು ಮೈಸೂರು ಪಾಕಿನಂಥ ಮಾತಾಡಿಕೊಂಡು ಆರಾಮಾಗಿ ಮಲಗಿದ್ದರು. ನಿದ್ದೆಗೆಟ್ಟು ಹೊರಳುತ್ತಿದ್ದದ್ದು ಹಣ್ಣು ಕೊಟ್ಟ ಮನೆ. ಅವಮಾನ ಮಾಡಿದವರು ಏನನ್ನೂ ಕಡಿಯಬೇಕಾಗಿರಲಿಲ್ಲ. ಅವಮಾನ ಆದವನು ತನ್ನ ಮರ ತಾನೇ ಕಡಿದು ಅವರ ಮುಜುಗರ ತಪ್ಪಿಸಬೇಕಾಗಿತ್ತು. ಅದನ್ನು ಅವನೇ ಮರ್ಯಾದೆ ಅಂತ ಕರೆಯಬೇಕಾಗಿತ್ತು!

ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಸಿದ್ದಪ್ಪ ಕೊಡಲಿ, ಹಾರೆ ಹಿಡಿದು ಬಂದ. ಅಪ್ಪ ಸೀಬೆಯ ಕಡೆ ಕೈ ತೋರಿಸಿದ. ಸಿದ್ದಪ್ಪ ಪಂಚೆ ಮೇಲೆ ಕಟ್ಟಿ ಕೊಡಲಿ ಎತ್ತುವ ಹೊತ್ತಿಗೆ ಅವ್ವ ಒಳಗಿನಿಂದ ಬಂದಳು. ಕೈಯಲ್ಲಿ ಬಿಂದಿಗೆ. ಅದನ್ನು ಸೀಬೆಯ ಬುಡಕ್ಕೇ ಇಟ್ಟಳು.

"ಸಿದ್ದಪ್ಪಣ್ಣ, ಇದಲ್ಲ. ಆ ಕಡೇದು."

ಅಪ್ಪ ತಿರುಗಿದ. "ಏ, ರಾತ್ರೀನೇ ಮಾತಾಯ್ತಲ್ಲೇ!"

"ಮಾತಾಡ್ದೋರು ನೀವು, ನಿಮ್ಮ ಮಗಳು. ನನ್ನ ಯಾರು ಕೇಳುದ್ರು?"

ನಾನು ತಣ್ಣಗಾದೆ. ನಿಜ. ಪರ, ವಿರೋಧ ಎರಡೇ ಕುರ್ಚಿ ಹಾಕಿದ್ದೆವು.

"ಅದು ದೇವ್ರ ಮರ ಅಂತಾರೆ ಕಣೇ."

"ಅವ್ರ ದೇವ್ರು. ಅವ್ರ ಕಾಂಪೌಂಡಲ್ಲಿ ಬೆಳಕೊಳ್ಳಿ. ನಾನು ಹೊತ್ತಾರೆ ಬಾಗ್ಲು ತೆಗುದ್ರೆ ನಾಕು ಕೈ ನನ್ನ ಅಂಗಳದೊಳಗೆ ಇರ್ತವೆ. ನಾನು ಅವ್ರ ಜಗಲಿ ಹತ್ತಂಗಿಲ್ಲ." ಅವ್ವನ ದನಿ ಏರಿರಲಿಲ್ಲ. "ಅಣ್ಣು ಹಸೀಗೆ ಓಯ್ತದೆ ಅಂತ ನಂಗೆ ಮೊದ್ಲ ದಿನಾನೇ ಗೊತ್ತಿತ್ತು. ಮರ ಚೆಂದಾಗಿ ಬುಡ್ಲಿ ಅಂತ ಕೊಟ್ಟೆ, ಅವ್ರು ತಿನ್ಲಿ ಅಂತಲ್ಲ. ತಿನ್ನೋ ಮರ ಕಡ್ದು ನೋಡೋ ಮರ ಉಳಿಸ್ಕೊಳಕ್ಕೆ ನಾವೇನು ಅರಮನೆಯವ್ರಾ?"

ಸಿದ್ದಪ್ಪ ಕೊಡಲಿಯನ್ನು ಹೆಗಲಿಗಿಟ್ಟು, "ಯಾವುದಾದ್ರೂ ಒಂದು ಏಳ್ರಪ್ಪ. ಮತ್ತೆ ಮಳೆ ಬಂದ್ಬುಡ್ತದೆ" ಅಂದ.

ಅಪ್ಪ ಅವ್ವನನ್ನು ನೋಡಿದ, ಎದುರುಮನೆಯನ್ನು ನೋಡಿದ. ಅಲ್ಲಿ ಕಿಟಕಿಯ ಪರದೆ ಅಲ್ಲಾಡಿತು. "ಏನಾರ ಮಾಡ್ಕೊಳಿ" ಅಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

ದೇವಕಣಗಿಲೆ ಮೆತ್ತನೆ ಮರ. ಕೊಡಲಿ ಬಿದ್ದ ಕಡೆಯೆಲ್ಲ ಹಾಲು ಸುರಿಸುತ್ತಾ ಬೇಗ ಬಿತ್ತು. ಅವ್ವ ಕೊಂಬೆಗಳನ್ನೆಲ್ಲ ಎಳೆದು ಗೇಟಿನ ಹೊರಗೆ ರಾಶಿ ಹಾಕಿದಳು. ಜನ ಕೂಡಿದರು. ಮೇಷ್ಟ್ರು ಅಪ್ಪನ ಕಡೆಗೆ ನಮಸ್ಕಾರವಿಲ್ಲದೆ, "ಹೂವಿನ ಮರಕ್ಕೆ ಕೊಡಲಿ ಹಾಕಿಸಿದ್ರಾ? ಬೀದೀಲಿ ಒಂದು ಮಾತು ಕೇಳಬಾರದಿತ್ತೇನ್ರೀ?" ಅಂದರು. ಕೇಳುವ ಪದ್ಧತಿ ಈಗ ಹುಟ್ಟಿತು, ನೋಡಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಮನೆಯ ಹೆಂಗಸು ಒಂದು ಕೊಂಬೆಯನ್ನು ಎತ್ತಿ ನೋಡಿ, "ಇದನ್ನ ನೆಟ್ರೆ ಚಿಗುರುತ್ತೆ ಅಲ್ವಾ?" ಅಂದರು. ಅಷ್ಟೇ. ಒಬ್ಬೊಬ್ಬರಾಗಿ ಬಗ್ಗಿದರು. ದಪ್ಪನೆಯದು ಆರಿಸಿದರು. ಹಾಲು ಸೀರೆಗೆ ತಾಗದಂತೆ ತುದಿಗೆ ಕಾಗದ ಸುತ್ತಿದರು. ಕೊಂಬೆಗೂ ದೋಷವಿಲ್ಲ! ಇವತ್ತು ಆ ಬೀದಿಯಲ್ಲಿ ಮನೆಗೊಂದು ದೇವಕಣಗಿಲೆ ಇದೆ. ಎಲ್ಲವೂ ನಮ್ಮ ಮರದ್ದೇ. ಯಾರನ್ನಾದರೂ ಕೇಳಿ, ಎಲ್ಲಿಂದ ತಂದಿರಿ ಅಂತ. ನರ್ಸರಿಯಿಂದ ಅನ್ನುತ್ತಾರೆ.

ಕೊನೆಗೆ ಬಂದವರು ಶಾರದಮ್ಮ. "ನಾನೂ ಒಂದು ತಗೊಳ್ಲಾಮ್ಮ?"

"ತಗೊಳಿ ಅಕ್ಕ," ಅಂದಳು ಅವ್ವ. "ಸೀಬೆನೂ ಹಣ್ಣಾಗವೆ. ನಾಕು ಕಿತ್ಕೊಡ್ಲಾ?"

ಶಾರದಮ್ಮ ಕೊಂಬೆಯನ್ನು ಎದೆಗೆ ಆನಿಸಿಕೊಂಡು, "ಬೇಡ ಕಣಮ್ಮ. ಶೀತ" ಅಂದರು.

"ಹೌದಲ್ವಾ, ಮರ್ತೇ ಓಗಿದ್ದೆ" ಅಂದಳು ಅವ್ವ, ಗೇಟು ಹಾಕಿ ಚಿಲಕ ಎಳೆದಳು.

ಅಪ್ಪ ಇನ್ನೂ ಮೆಟ್ಟಿಲ ಮೇಲೇ ಇದ್ದ. ನಮಸ್ಕಾರಗಳು ನಿಂತವು ಅಂತ ಅವನಿಗೆ ಗೊತ್ತಾಗಿತ್ತು. ಮುಂದೆ ಬಹಳ ಕಾಲ ನಿಂತೇ ಇದ್ದವು. ಅದರ ಬೆಲೆಯನ್ನು ಅವನೇ ಕೊಟ್ಟ, ನಾನಲ್ಲ. ಅವ್ವ ಸೀಬೆಯ ಕೊಂಬೆ ಬಗ್ಗಿಸಿ ಒಂದು ಹಣ್ಣು ಕಿತ್ತು, ಸೆರಗಿನಲ್ಲಿ ಒರೆಸಿ, ಅವನ ಕೈಗಿಟ್ಟಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಬೀದಿಗೆ ಮುಖ ಮಾಡಿ ಕೂತು ಕಚ್ಚಿದ. ಒಳಗೆ ಕೆಂಪಿತ್ತು. ಆ ಮಳೆಗಾಲವೆಲ್ಲ ಅಪ್ಪ ಒಂದು ಸೀಬೆಯನ್ನೂ ತಿಂದಿರಲಿಲ್ಲ ಅನ್ನುವುದು ನನಗೆ ಹೊಳೆದದ್ದೇ ಆಗ.

ಬೀಜ ಅಗಿಯುತ್ತಾ, ತುಸು ಸಿಟ್ಟಿನಲ್ಲೇ, ಅವ್ವನನ್ನು ಕೇಳಿದ: "ಅಣ್ಣು ಇಷ್ಟು ಚೆನ್ನಾಗೈತೆ ಅಂತ ನಂಗ್ಯಾಕೆ ಏಳ್ಲಿಲ್ಲ ನೀನು?"